ಆಕಾಶಕ್ಕೆ ನಾಲ್ಕು ಗೇಣು

ನವೆಂಬರ್ 9

ತಂಗೀ,

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಎಡಗಣ್ಣೊಂದನ್ನು ಬಿಟ್ಟು. ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಒಬ್ಬಳು ಮುಗಿಸುವವರೆಗೆ ಇನ್ನೊಬ್ಬಳು ಬಾಯಿ ಹಾಕುವಂತಿಲ್ಲ. ನೀನು ಈ ಮನೆಗೆ ಬಂದು ನಾಲ್ಕು ವರ್ಷವಾಯಿತು. ಅದರ ಬಗ್ಗೆ ಇವತ್ತು ಮಾತು ಬೇಡ.

ವಿಷಯಕ್ಕೆ ಬರುತ್ತೇನೆ. ಆರು ತಿಂಗಳಿಂದ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಸೂಜಿಯನ್ನು ಬೈದೆ, ದಾರವನ್ನು ಬೈದೆ, ಲೈಟು ಬದಲಾಯಿಸಿದೆ. ಕೊನೆಗೆ ಒಂದು ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದು ಕೊಟ್ಟ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅಮ್ಮನಿಗೆ ಬಂದದ್ದೇ ನನಗೂ ಬಂದಿದೆ. ಎಡಗಣ್ಣಿನ ನಟ್ಟನಡುವೆ ಇಸ್ತ್ರಿಪೆಟ್ಟಿಗೆ ಸುಟ್ಟ ಹಾಗೆ ಒಂದು ಕಲೆ. ನನಗೆ ಬಂದಿರುವ ಬಗೆಗೆ ಔಷಧವಿಲ್ಲವಂತೆ. ಬಲಗಣ್ಣಿಗೂ ಬರುತ್ತದೆ, ಆರು ತಿಂಗಳಾಗಬಹುದು, ಎರಡು ವರ್ಷವಾಗಬಹುದು.

"ನಡುಭಾಗ ಮಾತ್ರ ಹೋಗುತ್ತೆ ಅಮ್ಮ, ಅಂಚು ಚೆನ್ನಾಗೇ ಉಳಿಯುತ್ತೆ" ಎಂದು ಡಾಕ್ಟರು ಸಮಾಧಾನ ಹೇಳಿದರು.

"ಡಾಕ್ಟ್ರೇ, ನಡು ಹರಿದ ಬಟ್ಟೆ ತಂದು ಅಂಚು ಚೆನ್ನಾಗಿದೆ ಅಂದ್ರೆ ಆ ಗಿರಾಕೀನ ನಾನು ಬಂದ ದಾರೀಲೇ ವಾಪಸ್ ಕಳಿಸ್ತೀನಿ" ಎಂದೆ. ಅವರು ನಗಲಿಲ್ಲ.

ಮಗರಾಯ ನನ್ನ ಟೈಲರ್ ಅಂಗಡಿ ಮುಚ್ಚಿಸಿದ. ಅದಕ್ಕೆ ಒಪ್ಪಿದೆ, ಕಣ್ಣು ಸರಿಯಿಲ್ಲದೆ ಊರವರ ಬಟ್ಟೆ ಕೆಡಿಸಬಾರದು. ಆದರೆ ಮರುದಿನವೇ ಅಟ್ಟದಿಂದ ಅಮ್ಮನ ಕುರ್ಚಿ ಇಳಿಸಿ, ಧೂಳು ಒರೆಸಿ, ಕಿಟಕಿಯ ಪಕ್ಕ ಇಟ್ಟಿದ್ದಾನೆ. "ಆರಾಮಾಗಿ ಕೂತ್ಕೋ ಅಮ್ಮ, ನಾನಿದೀನಲ್ಲ" ಎನ್ನುತ್ತಾನೆ. ಆ ಕುರ್ಚಿಯಲ್ಲಿ ಅಮ್ಮ ಒಂಬತ್ತು ವರ್ಷ ಹೇಗೆ ಕೂತಳೆಂದು ನಿನಗೂ ಗೊತ್ತು, ನನಗೂ ಗೊತ್ತು. ನಾನು ಕೂರುವುದಿಲ್ಲ.

ನಲವತ್ತು ವರ್ಷ ತಲೆ ತಗ್ಗಿಸಿ ಬಟ್ಟೆ ನೋಡಿದ್ದಾಯಿತು. ಮೊನ್ನೆ ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದವಳು ತಲೆ ಎತ್ತಿದೆ. ಇಷ್ಟು ದೊಡ್ಡ ಬಟ್ಟೆಯನ್ನು ತಲೆಯ ಮೇಲೆ ಇಟ್ಟುಕೊಂಡು ಒಂದು ಸಲವೂ ಅಳತೆ ತೆಗೆದಿಲ್ಲವಲ್ಲ ಎಂದು ನಾಚಿಕೆಯಾಯಿತು. ಬಲಗಣ್ಣು ಇರುವಷ್ಟರಲ್ಲಿ ಅದನ್ನು ಬಾಯಿಪಾಠ ಮಾಡಬೇಕು. ನೀನು ಹವಾಮಾನ ಕೇಂದ್ರದಲ್ಲಿ ಇಪ್ಪತ್ತು ವರ್ಷದಿಂದ ಸಂಬಳ ತೆಗೆದುಕೊಂಡು ಆಕಾಶ ನೋಡುತ್ತಿದ್ದೀಯ. ಕಲಿಸು.

ಕುರ್ಚಿಗೆ ಬೆನ್ನು ತಿರುಗಿಸಿ ನಿಂತಿರುವ
ನಿನ್ನ ಅಕ್ಕ


ನವೆಂಬರ್ 21

ಅಕ್ಕಾ,

ನಿನ್ನ ಕಾಗದ ಬಂದು ಐದು ದಿನವಾಯಿತು. ಮೊದಲ ಮೂರು ದಿನ ಏನೂ ಬರೆಯಲಾಗಲಿಲ್ಲ. ಯಾಕೆಂದು ಕೇಳಬೇಡ.

ನಾನು ನೋಡುವುದು ಆಕಾಶವನ್ನಲ್ಲ, ಮೋಡವನ್ನು. ಮೂರು ಗಂಟೆಗೊಮ್ಮೆ ಹೊರಗೆ ನಿಂತು, ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮುಚ್ಚಿದೆ ಎಂದು ಪುಸ್ತಕದಲ್ಲಿ ಬರೆಯುತ್ತೇನೆ. ಸೊನ್ನೆ ಎಂದು ಬರೆಯುವ ದಿನಗಳಲ್ಲಿ ನಕ್ಷತ್ರ ನೋಡಿ ಕಲಿತದ್ದು ಅಷ್ಟಿಷ್ಟು. ನಿನಗೆ ಅಷ್ಟು ಸಾಕು.

ಮೊದಲ ಪಾಠ: ಮೇಲೆ ಹೋದ ತಕ್ಷಣ ಹುಡುಕಲು ಶುರು ಮಾಡಬೇಡ. ಇಪ್ಪತ್ತು ನಿಮಿಷ ಸುಮ್ಮನೆ ನಿಲ್ಲು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ನಡುವೆ ಒಂದು ಸಲ ಫೋನ್ ನೋಡಿದೆಯೋ, ಮತ್ತೆ ಮೊದಲಿನಿಂದ. ಸುಮ್ಮನಿರುವುದು ನಿನಗೆ ಎಷ್ಟು ಕಷ್ಟವೆಂದು ಗೊತ್ತು.

ಆಮೇಲೆ ಅಳತೆ. ತೋಳನ್ನು ನೆಟ್ಟಗೆ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಅದರ ಅಗಲ ಹತ್ತು ಡಿಗ್ರಿ. ಬೆರಳಗಲಿಸಿ ಗೇಣು ಮಾಡಿದರೆ ಇಪ್ಪತ್ತು ಇಪ್ಪತ್ತೆರಡು. ಕೈ ಚಿಕ್ಕದಿದ್ದವರಿಗೆ ತೋಳೂ ಚಿಕ್ಕದಿರುತ್ತದೆ, ಹಾಗಾಗಿ ಲೆಕ್ಕ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಟೇಪು ತೆಗೆದುಕೊಂಡು ಹೋಗಬೇಡ.

ಮೊದಲು ಉತ್ತರ ದಿಕ್ಕು ಗೊತ್ತುಮಾಡಿಕೋ. ಅಲ್ಲಿ ಧ್ರುವ ನಕ್ಷತ್ರವಿದೆ. ಅದು ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತದೆಂದು ಬಹಳ ಜನ ನಂಬಿದ್ದಾರೆ. ಇಲ್ಲ, ಅದು ಸಾಧಾರಣ ನಕ್ಷತ್ರ. ಅದರ ಹೆಚ್ಚುಗಾರಿಕೆ ಒಂದೇ: ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ನಮ್ಮ ಮನೆಯಲ್ಲಿ ಅಂಥವಳು ಯಾರಿದ್ದಾಳೆಂದು ಹೇಳಬೇಕಿಲ್ಲ.

ಇದರ ಜೊತೆಗೆ ಒಂದು ನಕ್ಷತ್ರಪಟ ಇಟ್ಟಿದ್ದೇನೆ. ಅದರಲ್ಲಿ ಮೊದಲು ಮಹಾವ್ಯಾಧನನ್ನು ಹುಡುಕು: ಬಿಲ್ಲು, ಕತ್ತಿ ಹಿಡಿದ ಬೇಟೆಗಾರ, ನಡುವಿನಲ್ಲಿ ಸಾಲಾಗಿ ಮೂರು ನಕ್ಷತ್ರ. ತಾರಸಿಯ ಆ ಮೆಟ್ಟಿಲಿಗೆ ಇನ್ನೂ ಕೈಹಿಡಿ ಹಾಕಿಸಿಲ್ಲ, ಅಲ್ಲವೇ?

ಎಂಟಕ್ಕೆ ಎಂಟೂ ಪಾಲು ಮುಚ್ಚಿರುವ ಬೆಟ್ಟದಿಂದ,
ತಂಗಿ


ಡಿಸೆಂಬರ್ 8

ಮೋಡ ಎಣಿಸುವವಳೇ,

ನಿನ್ನ ನಕ್ಷತ್ರಪಟ ಅಚ್ಚು ಹಾಕಿದವನಿಗೆ ಪೂರ್ವ ಯಾವುದು, ಪಶ್ಚಿಮ ಯಾವುದು ಗೊತ್ತಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಗುಂಡುಸೂಜಿ ಚುಚ್ಚಿ ನೋಡಿದೆ. ಉತ್ತರ ಮೇಲಿದೆ, ದಕ್ಷಿಣ ಕೆಳಗಿದೆ, ಪೂರ್ವ ಎಡಗಡೆ ಇದೆ! ಇಂಥ ತಪ್ಪು ಕಂಡು ಸುಮ್ಮನಿರುವವಳೇ ನಾನು? ಬಳಪದಲ್ಲಿ ತಿದ್ದಿದೆ. ತಿದ್ದಿದ್ದನ್ನು ನೋಡಿಕೊಂಡು ಮೂರು ಸಂಜೆ ನಿನ್ನ ಬೇಟೆಗಾರ ಮಹಾವ್ಯಾಧನನ್ನು ಪಶ್ಚಿಮದಲ್ಲಿ ಹುಡುಕಿದೆ. ಅವನು ಮೂರು ಸಂಜೆಯೂ ನನ್ನ ಬೆನ್ನ ಹಿಂದೆ, ಪೂರ್ವದಲ್ಲಿ ಎದ್ದು ನಿಂತಿದ್ದ.

ಬೀದಿದೀಪ ಕಣ್ಣಿಗೇ ಹೊಡೆಯುತ್ತಿತ್ತು. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಕೋಟಿಗೆ ಹಾಕುವ ಕಪ್ಪು ಲೈನಿಂಗ್ ಬಟ್ಟೆ ಎರಡು ಪದರ ಇಳಿಬಿಟ್ಟೆ. "ಏನ್ರೀ, ಮೇಲೆ ಟೆಂಟ್ ಹಾಕ್ತಿದೀರಾ?" ಎಂದು ಪಕ್ಕದ ಮನೆಯಾಕೆ ಕೇಳಿದಳು. "ಹೌದು, ಟಿಕೆಟ್ ಇಲ್ಲ, ಬನ್ನಿ" ಎಂದೆ. ಬರಲಿಲ್ಲ.

ಬೇಟೆಗಾರನೆಂದರೆ ಬಿಲ್ಲು, ಕತ್ತಿ ಎಂದೆಲ್ಲ ಬರೆದಿದ್ದೀಯ. ನನಗೆ ಕಂಡದ್ದು ಒಂದು ಅಂಗಿ. ನಡುವಿನ ಮೂರು ನಕ್ಷತ್ರಗಳು ಗುಂಡಿಪಟ್ಟಿ. ಒಂದೇ ಅಂತರ, ಒಂದೇ ಸಾಲು, ಒಳ್ಳೆ ಕೈ ಹೊಲಿದದ್ದು. ಮೇಲೆರಡು ಭುಜ, ಕೆಳಗೆರಡು ಅಂಚು. ಒಂದು ಭುಜ ಕೆಂಪಗಿದೆ. ಬಣ್ಣ ಬಿಟ್ಟಿದೆ ಎಂದುಕೊಂಡೆ.

ಇನ್ನೊಂದು ಮಾತು. ತಲೆ ತಿರುಗಿದವರನ್ನು ಕಂಡರೆ "ಅವಳಿಗೆ ಆಕಾಶ ಮೂರೇ ಗೇಣು" ಎನ್ನುತ್ತೇವಲ್ಲ, ಆ ಮಾತು ಹುಟ್ಟಿಸಿದವರು ಅಳೆದೇ ನೋಡಿಲ್ಲ. ಎದುರಿನ ಮನೆಯ ಗೋಡೆಯಂಚಿನಿಂದ ನೆತ್ತಿಯವರೆಗೆ ನಾಲ್ಕು ಸಲ ಅಳೆದೆ. ನಾಲ್ಕು ಗೇಣು, ಮೇಲೆ ಎರಡು ಬೆರಳು. ಅರವತ್ತು ವರ್ಷ ಜನ ನನ್ನ ಬೆನ್ನ ಹಿಂದೆ ಆಡಿಕೊಂಡದ್ದರಲ್ಲಿ ಒಂದು ಗೇಣು ಕಡಿಮೆಯಿತ್ತು.

ಒಂದು ಗೇಣು ಹೆಚ್ಚೇ ಸೊಕ್ಕಿರುವ
ಅಕ್ಕ


ಡಿಸೆಂಬರ್ 19

ಅಕ್ಕಾ,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪಟದಲ್ಲಿ ತಪ್ಪಿಲ್ಲ. ನೆಲದ ನಕ್ಷೆಯನ್ನು ಬಗ್ಗಿ ನೋಡುತ್ತೇವೆ. ಆಕಾಶದ್ದನ್ನು ತಲೆಯ ಮೇಲೆ ಎತ್ತಿ ಹಿಡಿದು, ಕೆಳಗಿನಿಂದ ನೋಡಬೇಕು. ಹಾಗೆ ಹಿಡಿ, ಪೂರ್ವ ತಾನಾಗಿ ಪೂರ್ವಕ್ಕೆ ಬರುತ್ತದೆ. ನಿನ್ನ ಭಾಷೆಯಲ್ಲಿ ಹೇಳುವುದಾದರೆ ಅದು ಬಟ್ಟೆಯ ಒಳಮೈ. ನಾವು ಅಂಗಿಯ ಒಳಗಿದ್ದೇವೆ.

ಗುಂಡಿಪಟ್ಟಿ ಸಿಕ್ಕಿತಲ್ಲ, ಇನ್ನು ದಾರಿ ಸುಲಭ. ಆ ಮೂರರ ಗೆರೆಯನ್ನು ದಕ್ಷಿಣದ ಕಡೆಗೆ ಒಂದು ಗೇಣು ಎಳೆ. ಇಡೀ ಆಕಾಶದಲ್ಲಿ ಅತಿ ಹೆಚ್ಚು ಹೊಳೆಯುವ ನಕ್ಷತ್ರ, ಲುಬ್ಧಕ. ಅದೇ ಗೆರೆಯನ್ನು ಎದುರು ದಿಕ್ಕಿಗೆ ಒಂದು ಗೇಣು ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ. ಅಲ್ಲಿಂದ ಹಾಗೇ ಒಂದೂವರೆ ಮುಷ್ಟಿ ಮುಂದೆ ಹೋದರೆ ಪುಟ್ಟ ಗುಂಪೊಂದಿದೆ, ಮಂಜಿನ ಉಂಡೆಯ ಹಾಗೆ. ಅದು ಕೃತ್ತಿಕೆ. ಎಷ್ಟು ಎಣಿಸುತ್ತೀಯೋ ನೋಡು.

ಒಬ್ಬಳೇ ಹತ್ತಬೇಡ. ನಿನಗೆ ಹೇಳಿ ಪ್ರಯೋಜನವಿಲ್ಲವೆಂದು ಗೊತ್ತು. ಇನ್ನೂ ಒಂದು ವಿಷಯ ಬರೆಯುವುದಿತ್ತು. ಇರಲಿ.

ಗಾಳಿ ಜೋರಾಗಿದೆ, ಲಾಟೀನು ಉಳಿಯುತ್ತಿಲ್ಲ.
ತಂಗಿ


ಜನವರಿ 14

ಮೇಲೆ "ತಂಗೀ" ಎಂದು ಬರೆಯಲು ಕೈ ಬರುತ್ತಿಲ್ಲ.

ಹತ್ತು ದಿನದ ಹಿಂದೆ ತಾರಸಿಯ ಬಾಗಿಲಿಗೆ ಬೀಗ ಬಿತ್ತು. ಕೇಳಿದರೆ ಮಗರಾಯ, "ಬೀಗದಕೈ ಎಲ್ಲೋ ಇಟ್ಟೆ ಅಮ್ಮ, ಸಿಕ್ತಿಲ್ಲ" ಎಂದ. ಹಾಗೆನ್ನುವಾಗ ಗೋಡೆ ನೋಡುತ್ತಿದ್ದ. ನಿನ್ನೆ ಅವನ ಪ್ಯಾಂಟಿನ ಹರಿದ ಜೇಬು ಹೊಲಿಯಲು ತೆಗೆದುಕೊಂಡೆ. ಜೇಬು ಹೊಲಿಯಲು ಕಣ್ಣು ಬೇಡ, ಬೆರಳು ಸಾಕು. ಹೊಲಿಯುವ ಮೊದಲು ಜೇಬು ಖಾಲಿ ಮಾಡುವುದು ನನ್ನ ಕಸುಬಿನ ರೂಢಿ. ಒಳಗೆ ನಿನ್ನ ಕಾಗದವಿತ್ತು. "ಅವಳನ್ನು ತಾರಸಿಗೆ ಬಿಡಬೇಡ, ಬೀಗ ಹಾಕು, ನಾನು ಹೇಳಿದೆ ಎಂದು ಮಾತ್ರ ಹೇಳಬೇಡ." ತಾರೀಕು ಡಿಸೆಂಬರ್ ಹತ್ತೊಂಬತ್ತು.

ನನಗೆ ರೋಹಿಣಿಯ ದಾರಿ ಬರೆದ ದಿನವೇ, ಅದೇ ಪೆನ್ನಿನಲ್ಲಿ, ಇದನ್ನೂ ಬರೆದೆ. ಡಾಕ್ಟರು ಹೇಳಿದಾಗ ಇಷ್ಟು ನೋವಾಗಲಿಲ್ಲ.

ನಿಮ್ಮ ಬೀಗವನ್ನು ನಾನು ಮುಟ್ಟಿಲ್ಲ. ಹೊಲಿಗೆ ಮೆಷೀನಿನ ಸ್ಕ್ರೂಡ್ರೈವರ್ ತೆಗೆದುಕೊಂಡು ಇನ್ನೊಂದು ಪಕ್ಕದ ಕೀಲುಗಳ ಹನ್ನೆರಡು ಸ್ಕ್ರೂ ಬಿಚ್ಚಿದೆ. ಬೀಗ ಬೀಗದ ಹಾಗೇ ಭದ್ರವಾಗಿದೆ. ಬಾಗಿಲು ಮಾತ್ರ ಈಗ ಆ ಕಡೆಯಿಂದ ತೆರೆಯುತ್ತದೆ.

ಉತ್ತರ ಬರೆಯಬೇಡ.

ಟೈಲರ್


ಜನವರಿ 27

ಅಕ್ಕಾ,

ಬೀಗ ಹಾಕಿಸಿದವಳು ನಾನೇ. ಕ್ಷಮಿಸು ಎಂದು ಬರೆಯಲು ಎರಡು ಸಲ ಕೂತೆ, ಹರಿದು ಹಾಕಿದೆ, ಯಾಕೆಂದರೆ ನಾಳೆ ಅವಕಾಶ ಸಿಕ್ಕರೆ ಮತ್ತೆ ಅದನ್ನೇ ಮಾಡುತ್ತೇನೆ. ಕದ್ದು ಮಾಡಿದ್ದಕ್ಕೆ ಮಾತ್ರ ನಾಚಿಕೆಯಾಗಿದೆ.

ಅಮ್ಮ ಆ ಮೆಟ್ಟಿಲಿಂದ ಬಿದ್ದಾಗ ನೀನು ಅಂಗಡಿಯಲ್ಲಿದ್ದೆ. ಎತ್ತಿದವಳು ನಾನು. ಅವಳ ಕಾಲು ಯಾವ ಕಡೆಗೆ ತಿರುಗಿತ್ತೆಂದು ನೀನು ನೋಡಿಲ್ಲ. ಆ ಮೆಟ್ಟಿಲನ್ನು ನೋಡಲಾರದೆಯೇ ನಾನು ಆ ಮನೆಗೆ ಬರುವುದನ್ನು ಕಡಿಮೆ ಮಾಡಿದ್ದು. ನೀನು ಬೇರೆ ಏನೇನೋ ಅಂದುಕೊಂಡಿದ್ದೀಯ.

ಇನ್ನೂ ಒಂದಿದೆ. ಅಮ್ಮನಿಗೆ ಬಂದದ್ದು ನಿನಗೆ ಬಂತು. ನನ್ನ ಸರದಿ ಯಾವಾಗಲೋ ಗೊತ್ತಿಲ್ಲ. ಆಕಾಶ ನೋಡಿ ಅನ್ನ ತಿನ್ನುವವಳು ನಾನು. ನಿನ್ನ ಮೊದಲ ಕಾಗದ ಓದಿದ ಮೂರು ದಿನ ಮೋಡದ ಪಾಲು ತಪ್ಪು ಬರೆದೆ. ನನಗೆ ಹೆದರಿಕೆ, ಅಕ್ಕ. ಹೆದರಿದವರಿಗೆ ಬೀಗವೇ ಮೊದಲು ನೆನಪಾಗುತ್ತದೆ.

ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವಷ್ಟು ಹೊಟ್ಟೆ ನಿನಗಿದೆ ಎಂದು ನಂಬಿರುವ
ತಂಗಿ


ಫೆಬ್ರವರಿ 18

ಅಕ್ಕಾ,

ಮೂರು ವಾರವಾಯಿತು. ಟಪಾಲಿನವನು ಮೇಲೆ ಹತ್ತಿ ಬಂದು "ಇಲ್ಲ ಮೇಡಂ" ಎನ್ನುವ ಮೊದಲೇ ಅವನ ಮುಖ ನೋಡಿ ಒಳಗೆ ಹೋಗುತ್ತೇನೆ. ನೀನು ದಿನಾ ಹತ್ತುತ್ತಿದ್ದೀಯಂತೆ, ಬಿದ್ದಿಲ್ಲವಂತೆ, ಮಗರಾಯ ಬರೆದಿದ್ದಾನೆ. ಓದಿ ಸಂತೋಷವೂ ಆಯಿತು, ಸಿಟ್ಟೂ ಬಂತು.

ಬೈದಾದರೂ ಬರೆ.

ತಂಗಿ


ಮಾರ್ಚ್ 3

ತಂಗೀ,

ಬೈಯಲು ಇಷ್ಟು ಕಾಗದ ಸಾಲದು, ಅದಕ್ಕೇ ಬರೆದಿರಲಿಲ್ಲ.

ಅಮ್ಮ ಬಿದ್ದು ಸಾಯಲಿಲ್ಲ. ಅವಳ ಕಾಲು ಮೂರು ತಿಂಗಳಲ್ಲಿ ಸರಿಯಾಯಿತು. ಆಮೇಲೆ ಒಂಬತ್ತು ವರ್ಷ ನಾವು ಅವಳನ್ನು ಏಳಗೊಡಲಿಲ್ಲ. ನೀನು ಗದರಿ ಕೂರಿಸಿದೆ, ನಾನು ಮುದ್ದು ಮಾಡಿ ಕೂರಿಸಿದೆ. "ಸ್ವಲ್ಪ ಹೊರಗೆ ಹೋಗ್ತೀನಿ ಕಣೇ" ಎಂದಾಗಲೆಲ್ಲ "ನಾಳೆ ಹೋಗೋಣಮ್ಮ" ಎಂದವಳು ನಾನು. ಅವಳು ಕೂತು ಸತ್ತಳು. ಅದರಲ್ಲಿ ನಮ್ಮಿಬ್ಬರ ಕೈಯೂ ಇದೆ. ಈಗ ನನ್ನ ಮಗ ಅದೇ ಪ್ರೀತಿಯಿಂದ ಅದೇ ಕುರ್ಚಿ ತಂದಿಟ್ಟಿದ್ದಾನೆ. ಅವನನ್ನು ಬೈಯಲೂ ಬಾಯಿ ಬರುವುದಿಲ್ಲ. ಬಿದ್ದರೆ ಬೀಳುತ್ತೇನೆ, ಎತ್ತುವವರು ಎತ್ತಲಿ. ಕೂರುವುದಿಲ್ಲ ಎಂದರೆ ಕೂರುವುದಿಲ್ಲ.

ಬಲಗಣ್ಣಿನಲ್ಲೂ ಕಲೆ ಶುರುವಾಗಿದೆ. ಮಗರಾಯನಿಗೆ ನಾನಿನ್ನೂ ಹೇಳಿರಲಿಲ್ಲ. ಮೊನ್ನೆ ಏಳೂವರೆಗೆ ಅವನು ನನ್ನನ್ನು ಕರೆದೊಯ್ಯಲು ಮೇಲೆ ಬಂದ. ಬಾಗಿಲನ್ನು ನನ್ನ ಕಡೆಯಿಂದಲೇ ತೆರೆದುಕೊಂಡು ಬಂದ, ಪಾಪ.

"ಸಾಕಮ್ಮ, ಬಾ. ಕಾಣದೇ ಇರೋದನ್ನ ಎಷ್ಟೂಂತ ನೋಡ್ತೀಯ?"

"ಕೃತ್ತಿಕೆ ನೋಡ್ತಿದೀನಿ. ಅಗೋ ಅಲ್ಲಿ. ಎಷ್ಟಿವೆ ಎಣಿಸು ನೋಡೋಣ."

ಕಣ್ಣು ಕಿರಿದು ಮಾಡಿ, ಗುರಿ ಇಡುವವನ ಹಾಗೆ ನೋಡಿದ. "ಏನೋ ಮಸುಕು ಮಸುಕು... ನಾಲ್ಕು."

"ಆರು."

"ಸುಮ್ನಿರಮ್ಮ. ನನಗೆ ಕಾಣದ್ದು ನಿನಗೆ ಕಾಣುತ್ತಾ?"

ಬಳಪ ತೆಗೆದು ನೀರಿನ ಟ್ಯಾಂಕಿನ ಮೇಲೆ, ಕಂಡ ಹಾಗೆ ಆರು ಚುಕ್ಕಿ ಇಟ್ಟೆ. ಬೆಳಿಗ್ಗೆ ಆಫೀಸಿಗೆ ಹೊರಟವನು ಚೀಲ ಹೆಗಲಿಗೆ ಹಾಕಿಕೊಂಡೇ ಮೇಲೆ ಹೋಗಿ, ಫೋನಿನಲ್ಲಿ ಕೃತ್ತಿಕೆಯ ಚಿತ್ರ ಹುಡುಕಿ ಪಕ್ಕಕ್ಕಿಟ್ಟು ನೋಡಿದ. ಒಂದು ಚುಕ್ಕಿಯೂ ತಪ್ಪಿರಲಿಲ್ಲ. ಕೆಳಗಿಳಿದು, ಬಸ್ಸು ತಪ್ಪಿಸಿಕೊಂಡ.

ಈಗ ನಿನ್ನನ್ನು ಕೇಳುತ್ತೇನೆ. ನಾನು ನೇರ ನೋಡಿದರೆ ಕೃತ್ತಿಕೆ ಕಲೆಯೊಳಗೆ ಮುಳುಗಿಹೋಗುತ್ತದೆ. ಎರಡು ಬೆರಳು ಪಕ್ಕಕ್ಕೆ ನೋಡಿದರೆ ಹೊರಗೆ ಬರುತ್ತದೆ, ಮೊದಲಿಗಿಂತ ಹೆಚ್ಚು ನಕ್ಷತ್ರಗಳೊಂದಿಗೆ. ಇದು ಕಣ್ಣೋ ಭ್ರಮೆಯೋ? ನಿಜ ಹೇಳು. ಸಮಾಧಾನ ನನಗೆ ಬೇಡ.

ಅಕ್ಕ


ಮಾರ್ಚ್ 15

ಅಕ್ಕಾ,

ಭ್ರಮೆಯಲ್ಲ. ಇದು ನಾನು ಮೊದಲ ಪಾಠದಲ್ಲೇ ಹೇಳಬೇಕಿದ್ದ ವಿಷಯ. ಬೇಕೆಂದೇ ಹೇಳಲಿಲ್ಲ. ಹೇಳಿದರೆ ನೀನು ಎಂದಿಗೂ ಆ ಮೆಟ್ಟಿಲು ಬಿಡುವುದಿಲ್ಲವೆಂದು ಗೊತ್ತಿತ್ತು.

ಕಣ್ಣಿನ ನಡುಭಾಗ ಬೆಳಕಿನ ಕೆಲಸಕ್ಕೆ: ಸೂಜಿ, ಅಕ್ಷರ, ಬಣ್ಣ. ಕತ್ತಲೆಯಲ್ಲಿ ಅದು ಕುರುಡು. ನಿನ್ನದು ಮಾತ್ರವಲ್ಲ, ನನ್ನದು, ಮಗರಾಯನದು, ನಿನ್ನ ಡಾಕ್ಟರದು, ಎಲ್ಲರದೂ. ಮಸುಕಾದ ನಕ್ಷತ್ರವನ್ನು ನೆಟ್ಟಗೆ ನೋಡಿದರೆ ಅದು ಮಾಯವಾಗುತ್ತದೆ; ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಣ್ಣಿನ ಅಂಚು ಅದನ್ನು ಹಿಡಿಯುತ್ತದೆ. ಇಲ್ಲಿಗೆ ಬರುವ ಹೊಸಬರಿಗೆ ಇದನ್ನು ಕಲಿಸಲು ನನಗೆ ತಿಂಗಳು ಹಿಡಿಯುತ್ತದೆ, ಯಾರೂ ನೆಟ್ಟ ನೋಟ ಬಿಡಲು ಒಪ್ಪುವುದಿಲ್ಲ. ನಿನಗೆ ಆ ಕಲೆಯೇ ಕಲಿಸಿದೆ.

ನಿಜ ಕೇಳಿದೆ, ಪೂರ್ತಿ ಹೇಳುತ್ತೇನೆ. ಕಲೆ ದೊಡ್ಡದಾದರೆ ಹೀಗೆ ನೋಡುವುದೂ ಕಷ್ಟವಾಗಬಹುದು. ರೋಹಿಣಿಯ ಬಣ್ಣ ಹೋಗಬಹುದು. ಹಗಲಿನದು ಬಹಳಷ್ಟು ಹೋಗುತ್ತದೆ. ಅದಕ್ಕೆ ನನ್ನ ಹತ್ತಿರ ಪಾಠವಿಲ್ಲ.

ಮಗರಾಯನಿಗೆ ಇವತ್ತೇ ಬರೆದಿದ್ದೇನೆ, ಈ ಸಲ ನಿನಗೆ ಹೇಳಿಯೇ: ಬೀಗ ತೆಗೆ, ಕೈಹಿಡಿ ಹಾಕಿಸು. ಹದಿನೈದು ದಿನದ ರಜೆಗೂ ಅರ್ಜಿ ಕೊಟ್ಟೆ. "ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಇಷ್ಟು ದಿನ ಕೇಳ್ತಿದೀರಿ, ಏನು ವಿಶೇಷ?" ಎಂದರು ಮೇಲಧಿಕಾರಿ. ನಮ್ಮಕ್ಕ ಆಕಾಶ ತೋರಿಸುತ್ತಾಳೆ ಎಂದೆ. ಏಪ್ರಿಲ್ ಹದಿನೆಂಟಕ್ಕೆ ಬರುತ್ತೇನೆ. ಆ ಮೆಟ್ಟಿಲ ಕೆಳಗೆ ನಿಂತು ನನಗೆ ಕಾಲು ಬಾರದೆ ಹೋದರೆ ಕೈ ಹಿಡಿದು ಹತ್ತಿಸಬೇಕು.

ಇವತ್ತು ಪುಸ್ತಕದಲ್ಲಿ ಸೊನ್ನೆ ಬರೆದಿರುವ
ತಂಗಿ


ಏಪ್ರಿಲ್ 6

ತಂಗೀ,

ದಪ್ಪ ಸ್ಕೆಚ್ ಪೆನ್ನಿನಲ್ಲಿ ಪುಟಕ್ಕೆ ಆರೇ ಸಾಲು ಬರೆಯುತ್ತಿದ್ದೇನೆ. ಸಾಲು ಡೊಂಕಾಗಿದ್ದರೆ ನಿನ್ನ ತಲೆಯನ್ನೇ ವಾಲಿಸಿಕೊಂಡು ಓದು.

ಬಲಗಣ್ಣಿನ ನಡುವೂ ಕಳೆದ ವಾರ ಹೋಯಿತು. ಒಂದು ದಿನ ಪೂರ್ತಿ ಅತ್ತೆ. ಅಳುವುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಸಂಜೆ ಮುಖ ತೊಳೆದುಕೊಂಡು ಮೇಲೆ ಹೋದೆ. ಹದಿನಾಲ್ಕು ಮೆಟ್ಟಿಲು, ಏಳನೆಯದು ಸ್ವಲ್ಪ ಗಿಡ್ಡ. ಕೈಹಿಡಿ ಹಾಕಿದ್ದಾರೆ. ಬೆಸುಗೆಯವನು ಒಂದು ಕಡೆ ಚೂಪು ಬಿಟ್ಟು ಹೋಗಿದ್ದ, ಕರೆಸಿ ಉಜ್ಜಿಸಿದೆ. ಮಗರಾಯ ಆ ಕುರ್ಚಿಯನ್ನು ತಾರಸಿಗೆ ಹೊತ್ತು ತಂದು ತಾನೇ ಕೂರುತ್ತಾನೆ, ಕತ್ತು ನೋವಂತೆ. ಇನ್ನೂ ಗುರಿ ಇಟ್ಟೇ ನೋಡುತ್ತಾನೆ. "ಪಕ್ಕಕ್ಕೆ ನೋಡೋ" ಎಂದು ದಿನಾ ಬೈಯುತ್ತೇನೆ. ನಿನ್ನೆ ಐದು ಎಣಿಸಿದ.

ಡಾಕ್ಟರಿಗೆ ಹೇಳಿಕಳಿಸಿದ್ದೇನೆ, ಅಂಚಿನ ಬಗ್ಗೆ ಅವರು ಹೇಳಿದ್ದೇ ಸರಿ, ಗಿರಾಕಿಯನ್ನು ವಾಪಸ್ ಕಳಿಸುವುದಿಲ್ಲ ಎಂದು. ಅದಕ್ಕೂ ಅವರು ನಗಲಿಲ್ಲವಂತೆ.

ಇನ್ನು ನೀನು ಬರುವ ದಿನದ ಮಾತು. ಈಗ ನಾನು ಯಾರ ಮುಖವನ್ನಾದರೂ ನೇರ ನೋಡಿದರೆ ಮುಖವಿರುವುದಿಲ್ಲ, ಕಲೆಯಿರುತ್ತದೆ. ಬಾಗಿಲಲ್ಲಿ ನಿನ್ನನ್ನು ಎದುರುಗೊಂಡಾಗ ನಿನ್ನ ಕಿವಿಯನ್ನೋ ಹೆಗಲನ್ನೋ ನೋಡುತ್ತಾ ನಿಲ್ಲುತ್ತೇನೆ. ಅಕ್ಕನಿಗೆ ಇನ್ನೂ ಸಿಟ್ಟು ಇಳಿದಿಲ್ಲ, ಮುಖ ಕೊಟ್ಟು ಮಾತಾಡುತ್ತಿಲ್ಲ ಎಂದುಕೊಂಡು ಚೀಲ ಎತ್ತಿಕೊಂಡು ಹೊರಟುಬಿಡಬೇಡ. ನನ್ನ ನೋಟಕ್ಕೆ ಸಿಗಲೆಂದು ಆ ಕಡೆ ಈ ಕಡೆ ಸರಿಯಲೂ ಬೇಡ. ನಾಲ್ಕು ವರ್ಷದ್ದು ಬಾಕಿಯಿದೆ, ಹೊತ್ತು ಹಿಡಿಯುತ್ತದೆ. ನಾನು ನಿನ್ನ ಕಿವಿ ನೋಡುತ್ತಿರುವಷ್ಟು ಹೊತ್ತೂ ಅಲುಗದೆ ನಿಲ್ಲು. ನಿನ್ನ ಮುಖವನ್ನೇ ನೋಡುತ್ತಿರುತ್ತೇನೆ.

ನಿನ್ನ ಅಕ್ಕ